ಮೊಣಕಾಲೆತ್ತರದ ಹಿಡಿ

ಕೊನೆಯ ಸ್ಕ್ರೂ ಜಪ್ಪಯ್ಯ ಅಂದರೂ ಅಲುಗಲಿಲ್ಲ. ಕಿರಿಯವನು ಸ್ಕ್ರೂಡ್ರೈವರನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದು ತಿರುಗಿಸಿದ. ಅದು ಜಾರಿ ಹೆಬ್ಬೆರಳು ತರಚಿತು. ಬೆನ್ನ ಹಿಂದೆ ಶವವಾಹನದ ಇಬ್ಬರು ಕೈಕಟ್ಟಿ ಕಾಯುತ್ತಿದ್ದರು. ಅಮ್ಮನ ಕೋಣೆ ಎಷ್ಟು ಇಕ್ಕಟ್ಟೆಂದರೆ, ಒಳಕ್ಕೆ ತೆರೆಯುವ ಆ ಬಾಗಿಲನ್ನು ಕಳಚದೆ ಪೆಟ್ಟಿಗೆ ಹೊರಗೆ ಬರುವಂತಿರಲಿಲ್ಲ.

ಆ ಇಬ್ಬರಲ್ಲಿ ವಯಸ್ಸಾದವನು ಬಾಗಿಲನ್ನೇ ನೋಡುತ್ತಿದ್ದು, ಇದರ ಹಿಡಿ ಯಾಕೆ ಮೊಣಕಾಲಿನ ಹತ್ತಿರ ಇದೆ ಎಂದು ಕೇಳಿದ. ಹಜಾರದಲ್ಲಿ ಕೂತಿದ್ದ, ಹಾಸಿಗೆ ಕಾರ್ಖಾನೆಯಲ್ಲಿ ಹಿಂದೆ ಅಮ್ಮನ ಜೊತೆ ದುಡಿದ ಹೆಂಗಸರು ಕತ್ತೆತ್ತಿದರು.

"ತಲೆಕೆಳಗಾಗಿ ಕೂರಿಸಿದಾನೆ, ಅದಕ್ಕೆ," ಎಂದ ಅಣ್ಣ. "ಹೋದ ರಜದಲ್ಲಿ ಇವನೇ ಹಾಕಿದ್ದು. ಅಮ್ಮ ಬಿದ್ದಿದ್ದೂ ಇದೇ ಬಾಗಿಲ ಹತ್ರ. ಸರಿಯಾಗಿ ಹಾಕಿದ್ದಿದ್ರೆ ಹೊರಗಡೆ ಬರ್ತಿದ್ಲೋ ಏನೋ."

ಈಗ ಬೇಡ, ಸುಮ್ಮನಿರು ಎಂದು ಅಕ್ಕ ಅಣ್ಣನ ತೋಳು ಹಿಡಿದಳು. ಆದರೆ ಅವಳೂ ಅದು ಸುಳ್ಳು ಅನ್ನಲಿಲ್ಲ. ಕಿರಿಯವನು ಅದನ್ನು ಗಮನಿಸಿದ. ಫೋನ್ ಬಂದಾಗಿನಿಂದ ಆರು ಗಂಟೆ ಬಸ್ಸಿನಲ್ಲಿ ಕೂತು ಅವನು ಯೋಚಿಸಿದ್ದೂ ಅದನ್ನೇ. ಮೇಲಿನ ಮನೆಯ ನರ್ಸಮ್ಮ ಅಕ್ಕನಿಗೆ ತಿಳಿಸಿದ್ದು ಎರಡೇ ಮಾತು: ಬಾಗಿಲ ಬಳಿ ಬಿದ್ದಿದ್ದರು, ಆಂಬ್ಯುಲೆನ್ಸ್ ಬರುವುದರೊಳಗೆ ಹೋಗಿಬಿಟ್ಟರು. ಒಳಗಿನಿಂದ ಬಾಗಿಲು ತೆರೆಯಲಾಗದೆ ಅಮ್ಮ ಅಲ್ಲೇ ಜೀವ ಬಿಟ್ಟಳೇ? ಕೇಳಲು ಅವನಿಗೆ ಬಾಯಿ ಬಂದಿರಲಿಲ್ಲ.

ಸ್ಕ್ರೂ ಕಿರ್ರೆಂದು ಸಡಿಲಾಯಿತು. ಬಾಗಿಲನ್ನು ಗೋಡೆಗೆ ಒರಗಿಸಿಟ್ಟು ಅವನು ಪೆಟ್ಟಿಗೆಯ ತಲೆಯ ಕಡೆ ಹೆಗಲು ಕೊಟ್ಟ.

*

ಆ ಬಾಗಿಲು ಮೊದಲ ಸಲ ಕಳಚಿದ್ದು ಅಪ್ಪ ತೀರಿಕೊಂಡ ವರ್ಷ. ಅದೇ ವರ್ಷ ಕಾರ್ಖಾನೆಗೂ ಬೀಗ ಬಿತ್ತು. ಅಮ್ಮ ಹದಿನಾಲ್ಕು ವರ್ಷ ಹಾಸಿಗೆಗಳ ಅಂಚು ಹೊಲಿದಿದ್ದಳು. ಕೈಗೆ ಬಂದದ್ದು ಖಾಲಿ ನೂಲಿನ ಡಬ್ಬಗಳು ನಾಲ್ಕು. ಮನೆಯಿಂದ ಮೊದಲು ಹೊಲಿಗೆ ಯಂತ್ರ ಹೋಯಿತು, ಆಮೇಲೆ ಮಂಚ, ಆಮೇಲೆ ಊಟದ ಮೇಜು. ವರ್ಷದ ಕೊನೆಯ ರಜ ಬಂದಾಗ ಬೀದಿಯ ಎಲ್ಲ ಮನೆಗಳಲ್ಲೂ ನೆಂಟರು, ನಗು. ಇವರ ಮನೆಯಲ್ಲಿ ಹೊಟ್ಟೆ ತುಂಬುವಷ್ಟು ಆಲೂಗೆಡ್ಡೆ ಇತ್ತು, ಅಷ್ಟೇ.

ಅಮ್ಮ ಅಡುಗೆಮನೆಯ ಚಾಕುವಿನಿಂದ ತನ್ನ ಕೋಣೆಯ ಬಾಗಿಲು ಬಿಚ್ಚಿದಳು. ನಾಲ್ಕು ಡಬ್ಬಗಳ ಮೇಲೆ ಅದನ್ನು ಮಲಗಿಸಿ, ಬೆಂದ ಗೆಡ್ಡೆ, ಉಪ್ಪು ಇಟ್ಟಳು. ಹದಿಮೂರರ ಅಕ್ಕ ಮುಖ ಊದಿಸಿಕೊಂಡು ಕೂತಳು. ಪುಟ್ಟವನು ಬಾಗಿಲ ಹಿಡಿಗೆ ತನ್ನ ತಟ್ಟೆ ಒರಗಿಸಿ, ಇದು ನನ್ನ ಜಾಗ ಎಂದು ಸಾರಿದ.

"ನಾಲ್ಕು ಜನ ಇದೀವಿ," ಎಂದಳು ಅಮ್ಮ. "ಬಿಸಿಬಿಸಿಯಾಗಿ ತಿನ್ನೋಕೆ ಇದೆ. ಇವತ್ತಿಗೆ ಇಷ್ಟು ಸಿಕ್ತಲ್ಲ."

ಮುಂದಿನ ಬೇಸಿಗೆಗೆ ಅವಳಿಗೆ ಬೇರೆ ಕಡೆ ಕೆಲಸ ಸಿಕ್ಕಿತು. ಮಕ್ಕಳು ದೊಡ್ಡವರಾಗಿ ಒಬ್ಬೊಬ್ಬರು ಒಂದೊಂದು ಊರು ಹಿಡಿದರು. ಅಣ್ಣ ಒಳ್ಳೆಯ ಮೇಜು ತಂದುಕೊಟ್ಟ. ಅಮ್ಮ ಅದರ ಮೇಲೆ ಬಟ್ಟೆ ಮಡಚಿಟ್ಟಳು. ಪ್ರತಿ ರಜಕ್ಕೂ ಬಾಗಿಲು ಇಳಿಯಲೇಬೇಕು, ಆ ಮೂರು ಮಾತು ಆಗಲೇಬೇಕು. ಮಕ್ಕಳು ಅವಳ ಜೊತೆಜೊತೆಗೇ ತುಟಿ ಆಡಿಸಿ ಅಣಕಿಸುತ್ತಿದ್ದರು. ಇನ್ನೂ ಎಷ್ಟು ವರ್ಷ ಈ ಬಡತನದ ನಾಟಕ ಎಂದು ಅಣ್ಣ ಒಮ್ಮೆ ಗೊಣಗಿದ್ದಕ್ಕೆ, ನಾಚಿಕೆ ಆಗೋರು ಮೇಜಿನ ಮೇಲೆ ತಿನ್ನಿ ಎಂದಳು. ಯಾರೂ ಏಳಲಿಲ್ಲ, ಗೊಣಗಿದವನೂ ಏಳಲಿಲ್ಲ.

ರಜ ಮುಗಿದ ದಿನ ಬಾಗಿಲು ಕೂರಿಸುವುದು ಕಿರಿಯವನ ಪಾಲು. ಗೋಡೆಗೆ ಬಣ್ಣ ಬಳಿಯುವ ಅವನಿಗೆ ಮನೆಯಲ್ಲಿ ಅರೆಬರೆ ಎಂದೇ ಹೆಸರು. ಹಿಡಿದ ಕೆಲಸದಲ್ಲಿ ಯಾವುದಾದರೂ ಒಂದು ಮೂಲೆ ಹಾಗೇ ಉಳಿಸಿಬಿಡುತ್ತಿದ್ದ. ಹೋದ ಸಲ ಬಸ್ಸಿಗೆ ಹೊತ್ತಾಗಿ ತರಾತುರಿಯಲ್ಲಿ ಕೂರಿಸಿ ಓಡಿದ. ಭುಜದೆತ್ತರ ಇರಬೇಕಿದ್ದ ಹಿಡಿ ಮೊಣಕಾಲಿಗೆ ಇಳಿದಿದೆ ಎಂದು ತಿಳಿದದ್ದು ಸಂಜೆ ಅಮ್ಮ ಫೋನ್ ಮಾಡಿದಾಗ. ನನ್ನ ಕೋಣೆಗೆ ನಾನೇ ನಡು ಬಗ್ಗಿಸಿ ಹೋಗಬೇಕಾಯಿತಲ್ಲೋ ಎಂದು ನಕ್ಕೂ ನಕ್ಕೂ ಅವಳಿಗೆ ಕೆಮ್ಮು ಬಂತು.

"ನಾನೇ ಬಂದು ಸರಿ ಮಾಡ್ತೀನಿ," ಎಂದಿದ್ದ.

ಹೋಗಲಿಲ್ಲ. ಏಳು ತಿಂಗಳಲ್ಲಿ ಎಷ್ಟೋ ಭಾನುವಾರ ಬಂದವು.

*

ಮಣ್ಣು ಮಾಡಿ ಬಂದಾಗ ಮನೆ ಬಿಕೋ ಎನ್ನುತ್ತಿತ್ತು. ಕಾರ್ಖಾನೆಯ ಹೆಂಗಸರು ಲೋಟಗಳನ್ನು ತೊಳೆದು ಬೋರಲು ಹಾಕಿ ಹೋಗಿದ್ದರು. ಅಕ್ಕ ಹಾಸಿಗೆಯ ಹೊದಿಕೆ ಕಿತ್ತು ಎದೆಗೆ ಒತ್ತಿಕೊಂಡು ನಿಂತುಬಿಟ್ಟಳು. ಅಣ್ಣ ಏನಾದರೂ ಮಾಡುತ್ತಿರಬೇಕು ಎನ್ನುವವನ ಹಾಗೆ ಬಾಗಿಲು ಎತ್ತಿ, ಹಿಡಿ ಮೇಲೆ ಬರುವಂತೆ ತಿರುಗಿಸಿ, ಚೌಕಟ್ಟಿಗೆ ಹೊಂದಿಸತೊಡಗಿದ.

ನರ್ಸಮ್ಮ ಮೂರು ತಟ್ಟೆ ಊಟ ಹಿಡಿದು ಮೆಟ್ಟಿಲು ಇಳಿದು ಬಂದರು. ಕಿರಿಯವನು ತಟ್ಟೆ ಮುಟ್ಟಲಿಲ್ಲ.

"ಅಮ್ಮ ಒಳಗೆ ಸಿಕ್ಕಿಹಾಕಿಕೊಂಡಿದ್ಲಾ?" ಎಂದ. "ಬಾಗಿಲು ತೆಗೆಯೋಕೆ ಆಗಲಿಲ್ವಾ?"

ನರ್ಸಮ್ಮನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಆಮೇಲೆ ಮೂವರ ಮುಖ ನೋಡಿ ತಟ್ಟೆಗಳನ್ನು ಕೆಳಗಿಟ್ಟರು. ಅಂದು ಬೆಳಿಗ್ಗೆ ಮಂಚದಿಂದ ಇಳಿಯುವಾಗ ಅಮ್ಮನ ಬಲಗಡೆ ಪೂರ್ತಿ ಸ್ವಾಧೀನ ತಪ್ಪಿತ್ತು. ಗಾಳಿ ಬರದಿರಲೆಂದು ಬಾಗಿಲು ಮುಚ್ಚಿತ್ತು. ಚೌಕಟ್ಟಿಗೆ ಬಿಗಿ ಹಿಡಿಯುವ ಬಾಗಿಲದು, ಹಿಡಿ ಎಳೆಯದೆ ಬಿಡುವುದಿಲ್ಲ. ಕೂಗಿದ್ದು ಗೋಡೆ ದಾಟಲಿಲ್ಲ. ಮಂಚದಿಂದ ಬಾಗಿಲಿಗೆ ನಾಲ್ಕೇ ಹೆಜ್ಜೆ. ತೆವಳಿ ತಲುಪಲು ಮಧ್ಯಾಹ್ನವಾಯಿತು.

"ಮಲಗಿದಲ್ಲಿಂದಲೇ ಎಡಗೈಲಿ ಹಿಡಿ ಎಳೆದು ತೆಗೆದಿದ್ರು," ಎಂದರು ನರ್ಸಮ್ಮ. "ತೆಗೆದಿದ್ದಕ್ಕೇ ನನಗೆ ಕೂಗು ಕೇಳಿಸ್ತು. ನನ್ನ ಹತ್ರ ಇದ್ದ ಕೀಲಿಯಿಂದ ಹೊರಬಾಗಿಲು ತೆಗೆದು ಓಡಿಬಂದೆ. ಅರ್ಧ ಗಂಟೆ ನನ್ನ ತೊಡೆ ಮೇಲೆ ಮಲಗಿದ್ರು, ಮಾತಾಡಿದ್ರು. ನಾಲಿಗೆ ತೊದಲ್ತಿತ್ತು, ಆದ್ರೂ ಗೊತ್ತಾಯ್ತು."

"ಏನಂದ್ಲು?" ಅಕ್ಕ ಕೇಳಿದಳು.

"ನಮ್ಮ ಅರೆಬರೆ ಹಾಕಿದ್ದು, ಕೈಗೆ ಸಿಕ್ತು ಅಂದ್ರು. ಅದನ್ನೇ ಎರಡು ಸಲ ಅಂದ್ರು. ಆಮೇಲೆ, ಇಷ್ಟು ಸಿಕ್ತಲ್ಲ ಅಂದ್ರು."

ಎಷ್ಟೋ ವರ್ಷ ಮೂವರೂ ಅಣಕಿಸಿದ ಮಾತದು. ಕಿರಿಯವನು ಬಾಯಿಗೆ ತೋಳು ಅಡ್ಡ ಇಟ್ಟುಕೊಂಡು ಅತ್ತ. ಅಮ್ಮ ಬೆಳಗಿನಿಂದ ನೆಲದ ಮೇಲೆ ಒಬ್ಬಳೇ ಇದ್ದಳು ಎಂಬುದು ಹಾಗೇ ಉಳಿಯಿತು. ಅದನ್ನು ಯಾರೂ ಸರಿಮಾಡುವಂತಿರಲಿಲ್ಲ.

ಅಣ್ಣ ಚೌಕಟ್ಟಿನಿಂದ ಬಾಗಿಲನ್ನು ಹಿಂದಕ್ಕೆ ತೆಗೆದ. ಅದನ್ನು ಮತ್ತೆ ತಲೆಕೆಳಗು ಮಾಡಿ ನಿಲ್ಲಿಸಿ, ತಮ್ಮನ ಮುಖ ನೋಡದೆ, ಹಿಡ್ಕೋತೀನಿ, ಸ್ಕ್ರೂ ಹಾಕು ಎಂದ. ಕಿರಿಯವನು ಒಂದೂ ಬಿಡದೆ ಎಲ್ಲವನ್ನೂ ಬಿಗಿದ. ಆಮೇಲೆ ಕೋಣೆಯೊಳಗೆ ಹೋಗಿ ಬಾಗಿಲು ಎಳೆದುಕೊಂಡ.

ಅವನು ನೆಲದ ಮೇಲೆ ಮಲಗಿದ ಸದ್ದು ಹೊರಗಿದ್ದವರಿಗೆ ಕೇಳಿಸಿತು. ಅಣ್ಣ ತಳ್ಳಲು ಹೋದಾಗ ಅಕ್ಕ ತಡೆದಳು. ಬಟ್ಟೆ ನೆಲಕ್ಕೆ ಉಜ್ಜುತ್ತ ಹತ್ತಿರ ಹತ್ತಿರ ಬಂತು, ಎಲ್ಲೋ ನಿಂತಿತು, ಮತ್ತೆ ಬಂತು. ಹಿಡಿ ಅಲುಗಿತು. ಬಾಗಿಲು ಚೌಕಟ್ಟು ಬಿಟ್ಟು ಒಂದು ಗೇಣು ತೆರೆಯಿತು. ಆ ಸಂದಿಯಲ್ಲಿ, ಮೊಣಕಾಲೆತ್ತರದಲ್ಲಿ, ಅವನ ಎಡಗೈ ಕಾಣಿಸಿತು.