ಬೆಂಚಿನ ಎರಡನೇ ನಂಬರು

ಆರನೆಯದು ಏಳುತ್ತಿಲ್ಲ, ರಾಡು ಅರ್ಧ ದಾರಿಯಲ್ಲೇ ನಿಂತುಬಿಟ್ಟಿದೆ, ಶೀಟಿನ ಸೂರಿನ ಬಿರುಕಿನಿಂದ ಇಳಿದ ಬೆಳಗಿನ ಬಿಸಿಲು ಅದರ ಮೇಲೆ ಬಂದು ಕೂತಿದೆ, ಬಿಸಿಲಿಗೂ ತೂಕವಿದೆಯೇನೋ — ಎತ್ತಲೇ ತಮ್ಮಾ, ನಾ ಅದೀನಿ ಹಿಂದ, ಎನ್ನುತ್ತಾನೆ ನನ್ನ ತಲೆಯ ಹಿಂದೆ ನಿಂತ ಗೂಳಪ್ಪ, ಅವನ ಬೆರಳುಗಳು ರಾಡಿನ ಕೆಳಗೆ ಮುಟ್ಟಿಯೂ ಮುಟ್ಟದಂತೆ ಇವೆ, ಬಿದ್ದರೆ ಹಿಡಿಯುತ್ತಾನೆ, ಖಂಡಿತ ಹಿಡಿಯುತ್ತಾನೆ, ಅದೇ ಸಂಕಟ. ಸಿನಿಮಾದಲ್ಲಾದರೆ ಇಷ್ಟು ಹೊತ್ತಿಗೆ ತಮಟೆ ಶುರುವಾಗಿ, ಹೀರೋ ಹಲ್ಲು ಕಚ್ಚಿ, ಅಮ್ಮನನ್ನು ನೆನೆದು, ಲಾರಿಯನ್ನೇ ಎತ್ತಿಬಿಡುತ್ತಿದ್ದ. ನನಗೆ ನಲವತ್ತು ಕೇಜಿ ಏಳುತ್ತಿಲ್ಲ, ಭುಜ ಉರಿಯುತ್ತಿದೆ, ಎರಡೂ ಭುಜದ ಮುಂಭಾಗ, ಎದೆ ಮಾತ್ರ ತನಗೆ ಸಂಬಂಧವೇ ಇಲ್ಲವೆಂಬಂತೆ ತಣ್ಣಗಿದೆ — ಇಷ್ಟು ನೆಟ್ಟಗೆ ಕೂರಿಸಿದರೆ ಇನ್ನೇನಾಗುತ್ತದೆ, ಇದು ಬೆಂಚಲ್ಲ, ಕ್ಷೌರದಂಗಡಿಯ ಕುರ್ಚಿ, ಇದನ್ನು ಮೂರು ತಿಂಗಳಿನಿಂದ ಎರಡನೇ ನಂಬರು ಎಂದು ನಂಬಿ ಎತ್ತಿದವನು ಹಿಂದೆ ನಿಂತಿದ್ದಾನೆ, ನಂಬಿಸಿದವನು ಕೆಳಗೆ ಮಲಗಿದ್ದಾನೆ. ಇವತ್ತು ಅವನೇ ಹಟ ಹಿಡಿದು ಮಲಗಿಸಿದ್ದು, ನನ್ನದಾತು ಸಿಂಹಾ, ಇನ್ನ ನಿನ್ನ ಎದಿ ಮಾಡೂಣು ಬಾ, ದಿನಾ ನನಗ ಸಪೋಟ್ ಕೊಟ್ಟೀದಿ ಅಂತ. ಆರು, ಎಂದು ತಾನೇ ಒಂದು ಚೂರು ಎತ್ತಿಕೊಟ್ಟು ಎಣಿಸುತ್ತಾನೆ. ಅದನ್ನೂ ನಾನು ಎತ್ತಿದೆನೆಂದೇ ಎಣಿಸುತ್ತಾನೆ.

ದೇವದಾಸ್ ಮಾಸ್ಟರ್ ಈ ಬೆಂಚನ್ನು ಮಡಿವಾಳದ ವೆಲ್ಡಿಂಗ್ ಅಂಗಡಿಯಲ್ಲಿ ಎದುರು ನಿಂತು ಮಾಡಿಸಿದ್ದು, ಒರಗುವ ಹಲಗೆಯ ಹಿಂದೆ ಕಬ್ಬಿಣದ ಪಟ್ಟಿ, ಪಟ್ಟಿಯಲ್ಲಿ ಐದು ತೂತು, ಯಾವ ತೂತಿಗೆ ಸರಳು ಸಿಕ್ಕಿಸಿದರೆ ಹಲಗೆ ಅಷ್ಟು ಓರೆ, ಪ್ರತಿ ತೂತಿನ ಪಕ್ಕ ಬಿಳೀ ಪೇಂಟಿನಲ್ಲಿ ಒಂದರಿಂದ ಐದು, ಕನ್ನಡದ ಅಂಕಿಗಳು. ಒಂದೆಂದರೆ ಬಹುತೇಕ ಮಲಗಿದ ಹಾಗೆ, ಐದೆಂದರೆ ಗೋಡೆಗೆ ಒರಗಿದ ಹಾಗೆ. ಬಿಳೇಕಹಳ್ಳಿಯ ಈ ಶೆಡ್ಡಿಗೆ ಯಾರೇ ಹೊಸಬರು ಬಂದರೂ ಮಾಸ್ಟರ್ ಹೇಳುವುದು ಒಂದೇ ಪಾಠ, ಎದೆ ಮೇಲ್ಭಾಗ ಬೇಕಾ, ಎರಡರಲ್ಲಿ ಹಾಕು, ಇನ್ನೂ ಇಳಿಸಿದ್ರೆ ಕೆಳಗಿನ ಎದೆ ಕೆಲಸ ಕದಿಯತ್ತೆ, ನಾಲ್ಕಕ್ಕೆ ಹೋದ್ರೆ ಭುಜ ಪೂರ್ತಿ ತಿಂದಾಕ್ಬಿಡತ್ತೆ, ಕತ್ತಿನ ಮೂಳೆ ಕೆಳಗಡೆ ಚೂರು ಮಾಂಸ ಇದೆ ನೋಡು, ಅದು ಮಹಾ ಸೋಮಾರಿ, ಸರಿಯಾದ ಓರೆಯಲ್ಲಿ ಕೂಗಿದ್ರೆ ಮಾತ್ರ ಏಳೋದು. ಈಗ ಮಾಸ್ಟರ್ ಕಣ್ಣಿಗೆ ಪೊರೆ ಬಂದಿದೆ, ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕಿವಿಯಲ್ಲೇ ಜಿಮ್ ನಡೆಸುತ್ತಾರೆ, ಪ್ಲೇಟು ಬಿದ್ದ ಸದ್ದಿನ ಮೇಲೆ ಯಾರು ಎಷ್ಟು ಹಾಕಿದರೆಂದು ಹೇಳುತ್ತಾರೆ. ಓರೆಗೆ ಮಾತ್ರ ಸದ್ದಿಲ್ಲ, ಅದಕ್ಕೆ ಎಷ್ಟರಲ್ಲಿದ್ದೀಯಪ್ಪಾ ಎಂದು ಕೇಳುತ್ತಾರೆ, ಎರಡು ಎಂದರೆ ಹ್ಞೂ ಅನ್ನುತ್ತಾರೆ. ಇದೆಲ್ಲ ಶುರುವಾಗಿದ್ದು ಆ ಬದರಿನಾಥನಿಂದ, ಬಿ.ಎಸ್ಸಿ. ಹುಡುಗ, ಜೇಬಿನಲ್ಲಿ ಕಂಪಾಸ್ ಬಾಕ್ಸಿನ ಕೋನಮಾಪಕ, ದಾರಕ್ಕೊಂದು ನಟ್ಟು ಕಟ್ಟಿ ಬೆಂಚಿಗೆ ಇಳಿಬಿಟ್ಟು, ಮಾಸ್ಟರ್ ನಿಮ್ಮ ಎರಡು ಅಂದ್ರೆ ಬರೀ ಮೂವತ್ತು ಡಿಗ್ರಿ, ನಾನು ಓದಿರೋದು ನಲವತ್ತೈದು, ಎಂದು ಒಂದು ವಾರ ಎಲ್ಲರ ತಲೆ ತಿಂದ. ಮಗಾ, ಅಳೆಯೋನು ಅಳಿಯ ಆಗಲ್ಲ, ಎತ್ತೋನೇ ಗಂಡು ಎಂದು ಡೈಲಾಗ್ ಹೊಡೆದೆ, ಯಾರೂ ನಗಲಿಲ್ಲ, ಅದನ್ನು ನನಗೆ ತಡೆಯಲಾಗಲಿಲ್ಲ. ಭಾನುವಾರ ಮಧ್ಯಾಹ್ನ ನಮ್ಮ ಮಾವನ ವಿಸಿಡಿ ಅಂಗಡಿಯ ಬೋರ್ಡಿಗೆ ತಂದಿದ್ದ ಪೇಂಟು ತಂದು ಬದರಿನಾಥನನ್ನು ಬೇಸ್ತು ಬೀಳಿಸಲೆಂದು ಹಳೆಯ ಅಂಕಿಗಳನ್ನು ಕೆರೆದು ಐದನ್ನೂ ತಿರುಗುಮುರುಗು ಬರೆದೆ, ಐದಿದ್ದಲ್ಲಿ ಒಂದು, ನಾಲ್ಕಿದ್ದಲ್ಲಿ ಎರಡು, ಮೂರು ಮಾತ್ರ ತನ್ನ ಜಾಗದಲ್ಲೇ ಉಳಿಯಿತು. ಸೋಮವಾರ ಬದರಿನಾಥ ಬಂದ, ದಾರ ಇಳಿಬಿಟ್ಟ, ನೋಡಿದ, ನನ್ನ ಕಡೆ ಒಂದು ಸಲ ನಕ್ಕ, ಸರಳನ್ನು ತನಗೆ ಬೇಕಾದ ತೂತಿಗೆ ಸರಿಸಿಕೊಂಡು ಎತ್ತಿ ಹೋದ, ಬುಧವಾರ ಜಯನಗರದ ಏಸಿ ಜಿಮ್ಮಿಗೆ ಸೇರಿಯೂಬಿಟ್ಟ. ಒಂದು ಚಪ್ಪಾಳೆಯೂ ಇಲ್ಲದೆ ನನ್ನ ಪಿಕ್ಚರು ಮೂರೇ ದಿನಕ್ಕೆ ಎತ್ತಂಗಡಿ. ಗುರುವಾರ ಗೂಳಪ್ಪ ಬಂದ.

ಬಾಗಲಕೋಟೆ ಕಡೆಯವನು, ಮಡಿವಾಳದ ಕೊರಿಯರ್ ಆಫೀಸಿನಲ್ಲಿ ಹಗಲೆಲ್ಲ ಮೂಟೆ ಎತ್ತುತ್ತಾನೆ, ಬಿಟಿಎಂನ ಒಂದೇ ರೂಮಿನ ಮನೆಯಲ್ಲಿ ಅಕ್ಕ ಯಲ್ಲವ್ವನ ಜೊತೆ ಇದ್ದಾನೆ, ಅವಳು ಹುಡುಗಿಯರ ಪಿಜಿಯಲ್ಲಿ ಅಡುಗೆ ಮಾಡುತ್ತಾಳೆ. ಮೊದಲ ದಿನವೇ ಅಂಗಿ ಬಿಚ್ಚಿ ಮಾಸ್ಟರ ಮುಂದೆ ನಿಂತು ಹೇಳಿದ, ಪೊಲೀಸ್ ಸೆಲೆಕ್ಷನ್ನಿಗೆ ಹೋಗಿದ್ನಿರಿ, ಓಟ ಪಾಸ್, ಜಿಗತ ಪಾಸ್, ಟೇಪಿನಾಗ ಬಿದ್ದೆ, ಎಂಬತ್ತಾರು ಬೇಕು, ಎಂಬತ್ತನಾಕೂವರಿ ಬಂತು, ಈ ಸಲ ಆಗ್ಲಿಲ್ಲಂದ್ರ ವಯಸ್ಸು ಮುಗೀತೈತ್ರಿ. ಮಾಸ್ಟರ್ ಬೆರಳಿನಲ್ಲೇ ಅವನ ಎದೆ ತಡವಿ, ಕೆಳಗೆಲ್ಲ ಇದೆ ಕಣಯ್ಯ, ಮೇಲೆ ಖಾಲಿ, ದಿನ ಬಿಟ್ಟು ದಿನ ಎರಡರಲ್ಲಿ ಹಾಕು, ಮೂರು ತಿಂಗಳಿಗೆ ಎರಡು ಸೆಂಟಿಮೀಟರು ನಾನು ಕೊಡ್ತೀನಿ ಎಂದರು. ನಾನು ಕಂಬಕ್ಕೆ ಒರಗಿ ನಿಂತಿದ್ದೆ, ಅವನು ಬಗ್ಗಿ, ಬೆರಳಿಟ್ಟು, ನನ್ನ ಎರಡನ್ನು ಹುಡುಕಿ ಸರಳು ಸಿಕ್ಕಿಸಿ, ಶಾಲೆಯ ಹುಡುಗನ ಹಾಗೆ ನೆಟ್ಟಗೆ ಕೂತು ಎತ್ತತೊಡಗಿದಾಗ ಹೊಟ್ಟೆಯೊಳಗೇ ನಕ್ಕೆ, ಇಂಟರ್‌ವಲ್ ತನಕ ಕಾಮಿಡಿ, ಆಮೇಲೆ ಹೇಳಿದರಾಯಿತು ಎಂದುಕೊಂಡೆ. ಬೇರೆ ಹುಡುಗರು ಕೈಗೆ ಹಿತವಾದ ತೂತಿಗೆ ಸಿಕ್ಕಿಸಿಕೊಂಡು ಹೋಗುತ್ತಾರೆ, ಅಂಕಿ ನೋಡುವವನು ಇವನೊಬ್ಬನೇ. ಬದರಿನಾಥ ಅಳೆದ, ಗೂಳಪ್ಪ ನಂಬಿದ, ಅಷ್ಟೇ ವ್ಯತ್ಯಾಸ — ಏಳು, ಎನ್ನುತ್ತಾನೆ ಮೇಲಿನಿಂದ, ಉಸುರು ಬಿಡು, ಉಸುರು ಹಿಡಕೋಬ್ಯಾಡ, ಅವನ ಬೆವರಿನ ಹನಿಯೊಂದು ನನ್ನ ಹಣೆಯ ಮೇಲೆ ಬೀಳುತ್ತದೆ, ಒರೆಸಿಕೊಳ್ಳಲು ಕೈ ಬಿಡುವಿಲ್ಲ, ನೀಲಗಿರಿ ಎಣ್ಣೆಯ ವಾಸನೆ, ಅದು ಅವನ ಬಲಭುಜದ್ದು, ಒಂದು ತಿಂಗಳಿನಿಂದ ನೋವು, ಅಕ್ಕ ದಿನಾ ತಿಕ್ಕುತ್ತಾಳಂತೆ, ಕೆಲಸದ ಮೂಟೆಯಿಂದ ಎಂದು ತಿಳಿದಿದ್ದಾನೆ, ಮೂಟೆ ಪಾಪ ಏನೂ ಮಾಡಿಲ್ಲ.

ಎರಡನೇ ವಾರವೇ ಹೇಳಲು ಬಂದಿದ್ದೆ, ಅಷ್ಟರಲ್ಲಿ ರಾಡು ಬಿದ್ದರೆ ಹಿಡಿಯಲು ಅವನ ಹಿಂದೆ ನಿಲ್ಲುವವನು ನಾನೇ ಆಗಿದ್ದೆ, ಅವತ್ತು ಅವನು ಜೋಳದ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಸಿಕೊಂಡು ಬಂದ, ಅಕ್ಕ ಕೊಟ್ಟಾಳ, ನಿನ್ನ ಹಿಂದ ನಿಂದರೋ ಹುಡುಗಗ ಕೊಡು ಅಂದ್ಳು ಎಂದ, ಬಾಯಲ್ಲಿ ರೊಟ್ಟಿ ಇಟ್ಟುಕೊಂಡು ಹೇಳುವ ಮಾತಲ್ಲ ಅದು. ಆಮೇಲೊಂದು ದಿನ ಪೇಂಟು ಡಬ್ಬಿ ಚೀಲದಲ್ಲಿಟ್ಟುಕೊಂಡು ಬಾಗಿಲು ತೆಗೆಯುವ ಮೊದಲೇ ಬಂದೆ, ಅವನು ನನಗಿಂತ ಮೊದಲೇ ಬಂದು ಮೆಟ್ಟಿಲ ಮೇಲೆ ಕೂತಿದ್ದ, ನೀ ಬರತಿ ಅಂತ ಗೊತ್ತಿತ್ತು ಎಂದ. ಪ್ರತಿ ಭಾನುವಾರ ಅಳತೆ, ಟೇಪು ಹಿಡಿಯುವುದು ನಾನು, ಮಾಸ್ಟರಿಗೆ ಅಂಕಿ ಕಾಣದು, ಎಂಬತ್ನಾಲ್ಕೂವರೆ, ಮುಂದಿನ ವಾರ ಎಂಬತ್ನಾಲ್ಕೂವರೆ, ಭುಜ ಎಳನೀರಿನ ಹಾಗೆ ಊದಿ ಅಂಗಿಯ ಹೊಲಿಗೆ ಬಿಡುತ್ತಿದೆ, ಟೇಪು ಮಾತ್ರ ಹಟ ಹಿಡಿದು ಅಲ್ಲೇ ನಿಂತಿದೆ, ಅವನು ಉಸಿರು ತುಂಬಿಕೊಂಡು ಕಣ್ಣು ಮುಚ್ಚಿ ನಿಂತು ಕೇಳುತ್ತಾನೆ, ಎಷ್ಟು ಬಂತು ಸಿಂಹಾ. ಆ ಒಂದು ಭಾನುವಾರ ಬಾಯಿ ತಾನೇ ಎಂಬತ್ತೈದು ಅಂದುಬಿಟ್ಟಿತು. ಟೇಪಿನ ಹಿಂದೆ ಒಂದು ಬೆರಳು ತೂರಿಸಿದರೆ ಸಾಕು. ಮುಂದಿನ ವಾರ ಎಂಬತ್ತೈದೂವರೆ, ಮೊನ್ನೆ ಎಂಬತ್ತಾರು, ಎರಡು ಬೆರಳು, ಗೂಳಪ್ಪ ಕಣ್ಣು ಬಿಟ್ಟು ನನ್ನನ್ನೇ ಎತ್ತಿ ಕೆಳಗಿಳಿಸಿದ, ಮಾಸ್ಟರ್ ಕುರ್ಚಿಯಿಂದಲೇ ನಾನು ಹೇಳಿರಲಿಲ್ವಾ ಎಂದರು, ಯಲ್ಲವ್ವ ಪಿಜಿಯ ಹುಡುಗಿಯರಿಗೆಲ್ಲ ಸಕ್ಕರೆ ಹಂಚಿದಳಂತೆ. ಜೀವನದಲ್ಲಿ ಎಷ್ಟು ಜನರಿಗೆ ಟೋಪಿ ಹಾಕಿದ್ದೇನೆ, ಸೋಮಲಿಂಗಪ್ಪ ಮೇಷ್ಟ್ರ ಸ್ಕೂಟರಿನ ಸೈಲೆನ್ಸರಿಗೆ ಆಲೂಗಡ್ಡೆ ತುರುಕಿದ್ದೇನೆ, ಸಿಕ್ಕಿಬಿದ್ದರೆ ಓಡಿದ್ದೇನೆ, ಓಡಿದ ಮೇಲೆ ನಕ್ಕಿದ್ದೇನೆ. ಇದರಲ್ಲಿ ಓಡುವ ಜಾಗವೇ ಇಲ್ಲ, ದಿನಾ ಬೆಳಗ್ಗೆ ಇಲ್ಲಿಗೇ ಬಂದು ಅವನ ಹಿಂದೆ ನಿಲ್ಲಬೇಕು, ಸುಸ್ತಾಗಿದೆ, ಎತ್ತಿ ಆದ ಸುಸ್ತಲ್ಲ ಇದು, ಮಲಗಿದರೂ ಹೋಗುವುದಿಲ್ಲ. ನಾಳಿದ್ದು ಸೆಲೆಕ್ಷನ್. ಅಲ್ಲಿ ಟೇಪು ಹಿಡಿಯುವವನು ಯಾರ ರೊಟ್ಟಿಯನ್ನೂ ತಿಂದಿರುವುದಿಲ್ಲ. ಎಂಬತ್ನಾಲ್ಕೂವರೆ, ಮುಂದಿನವನು ಬಾ, ಎನ್ನುತ್ತಾನೆ ಅವನು, ಗೂಳಪ್ಪ ಟೇಪನ್ನು ನೋಡುತ್ತಾನೆ, ತಪ್ಪು ಅಳೆದಿದ್ದೀರಿ ಸಾರ್ ಎನ್ನುತ್ತಾನೆ, ನನ್ನ ಹೆಸರು ಹೇಳುತ್ತಾನೆ, ನಮ್ಮ ಜಿಮ್ಮಿನಾಗ ಜಯಸಿಂಹ ಅಳದಾನ್ರಿ ಎಂದು ಅಷ್ಟು ಜನರ ಮುಂದೆ ನನ್ನ ಹೆಸರು ಹೇಳುತ್ತಾನೆ — ಎಂಟು, ಎನ್ನುತ್ತಾನೆ ಗೂಳಪ್ಪ, ಎಂಟನೆಯದು ಏಳುವುದೇ ಇಲ್ಲ, ರಾಡು ನಡುಗುತ್ತ ಗಂಟಲಿನ ಕಡೆ ಇಳಿಯುತ್ತಿದೆ, ಇದು ಎರಡಲ್ಲ ಗೂಳಪ್ಪಣ್ಣ, ಎನ್ನುತ್ತೇನೆ ನಾನು, ಇದು ನಾಲ್ಕು, ನಂಬರ್ ಬದಲಾಯಿಸಿದ್ದು ನಾನು.

ರಾಡು ಬೀಳಲಿಲ್ಲ. ಅವನ ಕೈ ಹಿಡಿಯಿತು, ನಿಧಾನ ಎತ್ತಿ ಸ್ಟ್ಯಾಂಡಿನಲ್ಲಿ ಕೂರಿಸಿತು, ಕಬ್ಬಿಣಕ್ಕೆ ಕಬ್ಬಿಣ ತಾಗಿದ ಸದ್ದಿಗೆ ಮಾಸ್ಟರ್ ಬಾಗಿಲ ಬಳಿ ತಲೆ ತಿರುಗಿಸಿದರು. ಈ ಗಳಿಗೆಗೆಂದು ತಿಂಗಳುಗಟ್ಟಲೆ ಡೈಲಾಗ್ ಕಟ್ಟಿದ್ದೆ, ತಪ್ಪು ಮಾಡಿದ ಕೈಯನ್ನ ಕಡಿ, ಆದರೆ ಗೆಳೆತನದ ಕೈಯನ್ನ ಬಿಡಬೇಡ, ಅಂತ ಒಂದು, ಮಂಡಿಯೂರಿ ಹೇಳುವಂಥದ್ದು, ಅದಕ್ಕೆ ಹಿಂದೆ ಪಿಟೀಲು ಬೇಕು. ಮಾಸ್ಟರಿಗೆ ಕೇಳದಂತೆ ಪಿಸುಗುಟ್ಟಿದ ಬಾಯಿಗೆ ಬಂದಿದ್ದು ಬದರಿನಾಥನ ಹೆಸರು, ಕೋನಮಾಪಕ, ಭಾನುವಾರ, ಪೇಂಟು, ಒಂದಕ್ಕೊಂದು ಹೊಂದದ ತುಂಡುಗಳು. ಅವನು ಕೇಳಿಸಿಕೊಂಡ. ನನಗಂತ ಮಾಡಿದ್ದಲ್ಲ ಹಂಗಾರ, ಎಂದ. ಅಲ್ಲ. ಮತ್ತ ನನಗ್ಯಾಕ ಹೇಳಲಿಲ್ಲ, ಎಂದ. ಮೊದಲು ನಗು ಬರ್ತಿತ್ತು, ಆಮೇಲೆ ಭಯ ಆಯ್ತು, ಎಂದೆ. ಅವನು ತನ್ನ ಬಲಭುಜವನ್ನು ಎಡಗೈಯಲ್ಲಿ ಹಿಡಿದುಕೊಂಡ, ಅದರ ಅರ್ಥ ಈಗ ಗೊತ್ತಾಯಿತೆಂಬಂತೆ ಒಂದು ಸಲ ಒತ್ತಿದ. ಟೇಪು, ಎಂದ. ಕೇಳಿದ್ದೂ ಅಲ್ಲ, ಸುಮ್ಮನೆ ಆ ಶಬ್ದವನ್ನು ನಮ್ಮಿಬ್ಬರ ನಡುವೆ ಇಟ್ಟ. ಅದೂ ಸುಳ್ಳು, ಎಂದೆ, ಎಂಬತ್ನಾಲ್ಕೂವರೆ, ಮೊದಲಿದ್ದಷ್ಟೇ. ಹೊಡೆಯುತ್ತಾನೆ ಎಂದುಕೊಂಡೆ, ಹೊಡೆದಿದ್ದರೆ ಸೀನು ಮುಗಿಯುತ್ತಿತ್ತು, ಆ ಭುಜದ ಒಂದೇ ಏಟು ಸಾಕಿತ್ತು, ಅವನು ಎದ್ದೇಳು ಎಂದನಷ್ಟೇ, ಬೆಂಚಿನ ಹಿಂದೆ ಹೋಗಿ ಸರಳು ಎಳೆದ, ಹಲಗೆ ಕೈಗೆ ಬಿತ್ತು, ಯಾವುದು, ಎಂದ, ನಾಲ್ಕೆಂದು ಬರೆದಿದ್ದ ಹಳೆಯ ಎರಡಕ್ಕೆ ನಾನು ಬೆರಳಿಟ್ಟು ತೋರಿಸಿದೆ, ಸಿಕ್ಕಿಸಿದ, ಮಲಗಿದ. ಎಷ್ಟರಲ್ಲಿ ಹಾಕಿದ್ಯಪ್ಪಾ ಗೂಳಪ್ಪ, ಎಂದು ಮಾಸ್ಟರ್ ಬಾಗಿಲಿನಿಂದ ಕೇಳಿದರು. ಅವನು ನನ್ನನ್ನು ನೋಡಿದ. ಎರಡರಾಗರಿ ಮಾಸ್ತರ, ಎಂದ.

ಈಗ ಅವನ ತಲೆಯ ಹಿಂದೆ ನಾನು ನಿಂತಿದ್ದೇನೆ, ಬೆರಳುಗಳು ರಾಡಿನ ಕೆಳಗಿವೆ, ಹಿಡೀಬ್ಯಾಡ ಎಂದಿದ್ದಾನೆ, ಮುಟ್ಟದೆ ಇಟ್ಟುಕೊಂಡಿದ್ದೇನೆ, ಒಂದು, ಬಲಗೈ ಎಡಗೈಗಿಂತ ಹಿಂದೆ ಬೀಳುತ್ತದೆ, ನೋವಿಗೆ ಮೂಗಿನಿಂದ ಸದ್ದು ಬರುತ್ತದೆ, ಎರಡು, ಎಣಿಸುವುದು ಅವನೇ, ನನ್ನ ಎಣಿಕೆ ಬೇಕಿಲ್ಲ, ಮೂರು, ಆಗ ಅದು ಕಾಣಿಸಿತು, ಬನಿಯನ್ನಿನ ಅಂಚಿನ ಮೇಲೆ, ಕತ್ತಿನ ಮೂಳೆಯ ಸ್ವಲ್ಪ ಕೆಳಗೆ, ಚರ್ಮದೊಳಗೆ ಏನೋ ಮಿಸುಕಿತು, ಮೂರು ತಿಂಗಳು ತಲೆಯ ಹಿಂದೆಯೇ ನಿಂತು ನೋಡಿದ ಎದೆಯಲ್ಲಿ ಒಮ್ಮೆಯೂ ಕಾಣದ್ದು, ರಾಡು ಮೇಲೇರಿದಾಗ ಅಲ್ಲೊಂದು ಗೆರೆ ಎದ್ದು ನಿಂತಿತು, ಇಳಿದಾಗ ಅಡಗಿತು. ಅವನಿಗೂ ಗೊತ್ತಾಯಿತು. ನಡುವೆಯೇ ನಿಲ್ಲಿಸಿದ, ರಾಡು ಗಾಳಿಯಲ್ಲಿ. ಇಲ್ಲಿ ಎದಿಗೆ ಹತ್ತಾಕತ್ತೈತಲೇ, ಎಂದ, ನನಗಲ್ಲ, ಸೂರಿಗೆ. ಆಮೇಲೆ ಮತ್ತೆ ಇಳಿಸಿದ, ನಾಲ್ಕು, ನಾಳಿದ್ದಿಗೆ ಎರಡೇ ದಿನ, ಎರಡು ದಿನಕ್ಕೆ ಮಾಂಸ ಬರುವುದಿಲ್ಲ, ನೋವಷ್ಟೇ ಬರುತ್ತದೆ, ಸಾಕು ಬಿಡು ಗೂಳಪ್ಪಣ್ಣ ಎನ್ನಬೇಕು, ಅನ್ನಲು ನಾನು ಯಾರು, ಐದು, ಅಲ್ಲಿ ಮತ್ತೆ ಎದ್ದಿತು, ನೋಡಬಾರದು, ಆಚೆ ಬನ್ನೇರುಘಟ್ಟ ರಸ್ತೆಯಲ್ಲಿ ಬಸ್ಸು ಹಾರ್ನು ಹೊಡೆಯುತ್ತಿದೆ, ಅದನ್ನು ಕೇಳಬೇಕು, ಮಾವ ಅಂಗಡಿ ತೆಗೆದಿರುತ್ತಾನೆ, ಅದನ್ನು ಯೋಚಿಸಬೇಕು, ಆರು, ಬೆವರಿನ ಕೆಳಗೆ, ಕತ್ತಿನ ಮೂಳೆಯ ಕೆಳಗೆ, ಅದೇ ಜಾಗದಲ್ಲಿ, ಏಳು, ಬೇರೆ ಏನೂ ತಲೆಗೆ ಹತ್ತುತ್ತಿಲ್ಲ, ಎಂಟು, ಈಗಷ್ಟೇ ಎಚ್ಚರವಾದ ಆ ಹಿಡಿಯಷ್ಟು ಮಾಂಸ, ಎದ್ದು, ಅಡಗಿ, ಎದ್ದು