ಬೆವರಿಗೆ ಬಗ್ಗದ ಪದರ

ಉಪ್ಪಿನ ಗದ್ದೆಯಲ್ಲಿ ನೆರಳೆಂಬುದಿಲ್ಲ. ಮೇಲಿನಿಂದ ಸುಡುವ ಬಿಸಿಲು ಕೆಳಗಿನ ನೀರಿಗೆ ಬಡಿದು ಮತ್ತೆ ಮುಖಕ್ಕೇ ರಾಚುತ್ತದೆ. ಸಿನಾನ್ ಎಂಬ ಕಡಲ ಸೀಮೆಯ ದ್ವೀಪಕ್ಕೆ ಸೊಸೆಯಾಗಿ ಬಂದ ಗ್ಯೋಂಗ್‌ಸಿಮ್ ಆ ಬಿಸಿಲಲ್ಲೇ ವರ್ಷಗಟ್ಟಲೆ ಉಪ್ಪು ಎಳೆದು ರಾಶಿ ಹಾಕಿದವಳು. ಈ ವಸಂತದಲ್ಲಿ ಅವಳ ಕೆನ್ನೆಯ ಮೇಲೆ ಮಾಯದ ಹುಣ್ಣೊಂದು ಎದ್ದಿತು. ಮೊಕ್ಪೋ ಪೇಟೆಯ ವೈದ್ಯರು ಅದನ್ನು ಕೊಯ್ದು ತೆಗೆದರು.

"ಬಿಸಿಲಿನಿಂದ ಬಂದ ಚರ್ಮದ ಕ್ಯಾನ್ಸರ್. ಬೇಗ ಬಂದಿದ್ದಕ್ಕೆ ಬಚಾವಾದ್ರಿ. ಇನ್ನು ಅಗಲ ಟೋಪಿ ಬೇಕು, ಬೆವರಿಗೆ ಬೇಗ ತೊಳೆದುಹೋಗದ ಸನ್‌ಸ್ಕ್ರೀನ್ ಬೇಕು."

ಗಾಯ ಮಾಗಿತು. ಸನ್‌ಸ್ಕ್ರೀನ್ ಮನೆಗೆ ಬಂತು. ಗಂಡನ ಅಕ್ಕ ಮಾಲ್ನ್ಯೋ ಅದನ್ನು ನೇರ ಕಸದ ಬುಟ್ಟಿಗೆ ಹಾಕಿದಳು.

"ಫೋನಲ್ಲಿ ಬಂದಿದೆ ನೋಡು! ಇದ್ರಲ್ಲಿ ಪದರ ಕಟ್ಟೋ ಪಾಲಿಮರ್ ಇದೆಯಂತೆ. ಅಂದ್ರೆ ಪ್ಲಾಸ್ಟಿಕ್ಕು. ರಕ್ತಕ್ಕಿಳಿದು ಕೊಲ್ಲುತ್ತಂತೆ."

ಗಂಡ ದಾಲ್‌ಸು ಸೂಪಿನ ಬಟ್ಟಲಿನಿಂದ ತಲೆಯೆತ್ತದೆ ಗೊಣಗಿದ, "ಅಕ್ಕ ಹೇಳ್ತಿದಾಳೆ ಅಂದ್ರೆ ಏನೋ ಇರುತ್ತೆ, ಬಿಡೇ."

ಗ್ಯೋಂಗ್‌ಸಿಮ್ ಬುಟ್ಟಿಗೆ ಕೈಹಾಕಿ ಟ್ಯೂಬು ತೆಗೆದಳು. ಅಂಗಿಯಂಚಿಗೆ ಒರೆಸಿ, ಇಬ್ಬರ ಕಣ್ಣೆದುರೇ ಮುಖದ ತುಂಬ ಹಚ್ಚಿಕೊಂಡಳು.

"ಕೊಯ್ಸಿಕೊಂಡಿದ್ದು ನನ್ನ ಕೆನ್ನೆ ಅಕ್ಕಾ. ಹೊಲಿಗೆ ಹಾಕಿದ್ದು ನಿಮ್ಮ ಫೋನಿಗಲ್ಲ."

ಮಾರನೆಯ ದಿನ ಊರ ಸಭಾಮನೆಯಲ್ಲಿ ಮಾಲ್ನ್ಯೋ ಮತ್ತು ಇತರ ಹೆಂಗಸರು ಬೆಳ್ಳುಳ್ಳಿ ಸುಲಿಯುತ್ತಿದ್ದರು. ರಕ್ತದೊತ್ತಡ ನೋಡಲು ಆರೋಗ್ಯ ಕೇಂದ್ರದ ನರ್ಸ್ ಸೆರಿನ್ ಬಂದಿದ್ದಳು. ಗ್ಯೋಂಗ್‌ಸಿಮ್ ಟ್ಯೂಬನ್ನು ಅವಳ ಮುಂದಿಟ್ಟಳು.

"ಇದ್ರಲ್ಲಿ ಪ್ಲಾಸ್ಟಿಕ್ ಪಾಲಿಮರ್ ಇದೆ, ಕೊಲ್ಲುತ್ತೆ ಅಂತಾರೆ. ನನ್ನ ಪರ ಮಾತಾಡು ಅನ್ನಲ್ಲ ಮಗಳೇ. ವಿಷ ಆದ್ರೆ ಎಲ್ಲರೆದುರೂ ವಿಷ ಅನ್ನು. ಇಲ್ಲೇ ಎಸೀತೀನಿ."

ಸೆರಿನ್ ಟ್ಯೂಬಿನ ಹಿಂಬದಿ ಓದಿದಳು. "ವಿಷ ಅಲ್ಲ. ಗಂಜಿ ಆರಿದಾಗ ಮೇಲೆ ತೆಳ್ಳಗೆ ಕೆನೆ ಕಟ್ಟುತ್ತಲ್ಲ, ಈ ಪಾಲಿಮರೂ ಹಾಗೇ. ಬಿಸಿಲು ತಡೆಯೋದು ಬೇರೆ ಪದಾರ್ಥ. ಈ ಪದರ ಅದನ್ನ ಬೆವರಲ್ಲಿ ಜಾರದ ಹಾಗೆ ಹಿಡಿದಿಡುತ್ತೆ. ಇದರ ಕಣ ಬಹಳ ದೊಡ್ಡದು, ಗಾಯವಿಲ್ಲದ ಚರ್ಮ ದಾಟಿ ಒಳಗೆ ಹೋಗೋದು ಕಷ್ಟ. ತಜ್ಞರು ಪರೀಕ್ಷೆ ಮಾಡಿಯೇ, ಈ ಪ್ರಮಾಣದಲ್ಲಿ ಬಳಸಬಹುದು ಅಂದಿದ್ದಾರೆ."

"ಆದ್ರೂ ಮನುಷ್ಯರು ಮಾಡಿದ ಪ್ಲಾಸ್ಟಿಕ್ಕೇ ತಾನೇ?" ಮಾಲ್ನ್ಯೋ ಬಿಡಲಿಲ್ಲ.

"ಹೌದಜ್ಜಿ. ನಿಮ್ಮ ಉಗುರುಬಣ್ಣದಲ್ಲೂ ಇದರ ನೆಂಟರೇ ಇದ್ದಾರೆ. ಗುಂಗುರು ಕೂದಲಿಗೆ ಹೊಡೀತೀರಲ್ಲ, ಆ ಸ್ಪ್ರೇನಲ್ಲೂ!"

ಸಭಾಮನೆ ನಕ್ಕಿತು. ಮಾಲ್ನ್ಯೋಳ ಕೈ ತಾನಾಗಿಯೇ ತಲೆಗೆ ಹೋಯಿತು.

"ನಗಬೇಡಿ," ಎಂದಳು ಸೆರಿನ್. "ಕೆಲವರಿಗೆ ಅಲರ್ಜಿ ಆಗಬಹುದು. ಮೊದಲು ಮೊಣಕೈ ಒಳಗೆ ಸ್ವಲ್ಪ ಹಚ್ಚಿ ಒಂದು ದಿನ ನೋಡಿ. ತುರಿಸಿದ್ರೆ ನಿಲ್ಲಿಸಿ."

ಗ್ಯೋಂಗ್‌ಸಿಮ್ ಬೋಗುಣಿಯಲ್ಲಿ ನೀರು ತಂದಳು. ಒಂದು ಕೈಗೆ ಮಾಲ್ನ್ಯೋಳ ಚೀಲದಲ್ಲಿದ್ದ ಹಳೆಯ ಬಿಳಿ ಕ್ರೀಮು ಹಚ್ಚಿದಳು, ಇನ್ನೊಂದಕ್ಕೆ ತನ್ನದು. ಒಣಗಿದ ಮೇಲೆ ಎರಡನ್ನೂ ಅದ್ದಿದಳು. ಹಳೆಯ ಕ್ರೀಮು ಅಕ್ಕಿ ತೊಳೆದ ನೀರಿನಂತೆ ಕರಗಿ ಹೋಯಿತು. ಇನ್ನೊಂದು ಕೈಯ ಮೇಲೆ ನೀರು ಹನಿಹನಿಯಾಗಿ ಉರುಳಿತು.

ಮಾಲ್ನ್ಯೋ ಆ ಹನಿಗಳನ್ನು ಬೆರಳಿಂದ ಮುಟ್ಟಿ ನೋಡಿದಳು. ಆಮೇಲೆ ಮೆಲ್ಲಗೆ ತನ್ನ ತೋಳು ಚಾಚಿ, "ಮೊಣಕೈ ಒಳಗೆ ಅಂದ್ಯಲ್ಲ... ಹಚ್ಚು," ಎಂದಳು.

ಒಂದು ದಿನ ಕಳೆದರೂ ತುರಿಸಲಿಲ್ಲ. ಮುಂದೆ ಉಪ್ಪು ತೆಗೆಯುವ ದಿನ ಗದ್ದೆಯ ದಂಡೆಯ ಮೇಲೆ ನಿಂತು ಅವಳೇ ಕೂಗುತ್ತಿದ್ದಳು, "ಲೋ ದಾಲ್‌ಸು! ಕುತ್ತಿಗೆ ಹಿಂದೆ ನಮ್ಮಪ್ಪ ಬಂದು ಹಚ್ತಾನಾ? ಬಾ ಇಲ್ಲಿ!"

ಬಿಸಿಲಲ್ಲಿ ದುಡಿಯುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಹೆದರಿಸುವವರ ಮಾತಿಗೆ ತಲೆಬಾಗಬೇಡಿ. ತಿಳಿದವರನ್ನು ಎದುರು ನಿಂತು ಕೇಳಿ. ಟೋಪಿ ಹಾಕಿ, ಬೆವರಿಗೆ ನಿಲ್ಲುವ ಸನ್‌ಸ್ಕ್ರೀನ್ ಹಚ್ಚಿ, ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಿ, ಸಂಜೆ ಚೆನ್ನಾಗಿ ತೊಳೆಯಿರಿ. ಮಾಯದ ಹುಣ್ಣು ಕಂಡರೆ ಇಂದೇ ವೈದ್ಯರಲ್ಲಿಗೆ ಹೋಗಿ. ಯಾರು ತಡೆದರೂ ಸರಿ, ಹೋಗಿ!