ದೃಷ್ಟಿ ತೆಗೆದ ಸಂಜೆ

ವರ್ಷದ ಕೊನೆಯ ಸಂಜೆ ಮಗಳು ಧನ್ಯಶ್ರೀ ಎಲ್ಲರನ್ನೂ ಕೂರಿಸಿ, ಈ ವರ್ಷ ಆದ ಒಳ್ಳೆಯದನ್ನು ಒಬ್ಬೊಬ್ಬರಾಗಿ ಹೇಳಬೇಕೆಂದಳು. ನನಗೆ ಮೈಯೆಲ್ಲ ಉರಿಯಿತು. ಒಳ್ಳೆಯದನ್ನು ಬಾಯಿಬಿಟ್ಟು ಹೇಳಿದರೆ ಕಣ್ಣು ಬೀಳುತ್ತದೆ. ಅದೂ ಮೇಲಿನ ಮನೆಯ ಗುರವ್ವನ ಎದುರಿಗೆ.

"ಹಾರ್ಟ್ ಆಪರೇಷನ್ ಆಗಿ ಅಪ್ಪ ಬದುಕಿ ಬಂದ್ರಲ್ಲ," ಎಂದಳು ಮಗಳು.

"ಎಲ್ಲಿ, ಇನ್ನೂ ಮೆಟ್ಟಿಲು ಹತ್ತಕ್ಕಾಗಲ್ಲ," ಎಂದೆ.

"ನಿನ್ನ ಗಾರ್ಮೆಂಟ್ಸ್ ಮುಚ್ಚಿದ್ರೂ ಮನೇಲೇ ಬ್ಲೌಸ್ ಹೊಲಿಯೋ ಕೆಲಸ ಸಿಕ್ತು."

"ಸುಮ್ನಿರೇ. ಮಿಷನ್ ಕೆಟ್ಟು ಕೂತಿದೆ," ಎಂದು ಸುಳ್ಳು ಹೇಳಿದೆ.

ಗುರವ್ವ ನಗುತ್ತಿದ್ದಳು. ವಿಜಯಪುರದ ಕಡೆಯಿಂದ ಬಂದು ಕಾಮಾಕ್ಷಿಪಾಳ್ಯದ ಈ ವಠಾರ ಸೇರಿದವಳು. ನನ್ನ ಗಂಡ ಆಸ್ಪತ್ರೆಯಲ್ಲಿದ್ದಾಗ ದಿನವೂ ರೊಟ್ಟಿ, ಶೇಂಗಾ ಚಟ್ನಿ ತಂದುಕೊಟ್ಟಳು. ಇವಳಿಗೆ ನಮ್ಮಿಂದ ಏನು ಬೇಕಾಗಿದೆ ಎಂದು ವರ್ಷವಿಡೀ ಕಾದೆ. ಇನ್ನೂ ಏನೂ ಕೇಳಿಲ್ಲ. ಅದಕ್ಕೇ ನನಗೆ ಅನುಮಾನ.

ಉಪ್ಪು, ಒಣಮೆಣಸಿನಕಾಯಿ ಹಿಡಿದು ಬಂದೆ. ಯಾವುದನ್ನು ಕಳೆದುಕೊಂಡರೆ ತಡೆಯಲಾರೆನೋ ಅದಕ್ಕೆ ಮಾತ್ರ ನಾನು ದೃಷ್ಟಿ ತೆಗೆಯುವುದು. ಗಂಡನನ್ನೂ ಮಗಳನ್ನೂ ಪೂರ್ವಕ್ಕೆ ಮುಖ ಮಾಡಿಸಿ ಕೂರಿಸಿದೆ. ಹೊಲಿಗೆ ಮಿಷನ್ನನ್ನೂ ಅವರ ಪಕ್ಕಕ್ಕೆ ಎಳೆದೆ.

ಗುರವ್ವ ಮೆಲ್ಲಗೆ ಎದ್ದಳು. "ನಾ ಬರ್ತೀನ್ರಿ ಅಕ್ಕಾರ. ಹೊರಗಿನವ್ರು ಇರಬಾರ್ದಲ್ಲ."

"ಎಲ್ಲಿಗೆ ಹೋಗ್ತೀಯಾ? ಮಿಷನ್ ಪಕ್ಕ ಕೂತ್ಕೋ, ಅಲ್ಲಾಡಬೇಡ," ಎಂದು ಗದರಿದೆ.

ಕೈಯಲ್ಲಿದ್ದ ಮೆಣಸಿನಕಾಯಿ ಸಾಲುವಂತಿರಲಿಲ್ಲ. ಇನ್ನೊಂದು ಹಿಡಿ ತರಲು ಒಳಗೆ ಹೋದೆ.